97 ವರ್ಷದ ಅಜ್ಜಿಗೆ ಕೊಲೆ ಕೇಸಲ್ಲಿ ಶಿಕ್ಷೆ: ಇದು ನ್ಯಾಯವಾ, ಬರೀ ಶಾಸ್ತ್ರಕ್ಕಾ?

ಮಲ್ಲಿಗೆಮೊಗ್ಗು:
ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಏನೇನೋ ಓದುತ್ತಾ ಇರ್ಮ್‌ಗಾರ್ಡ್ ಫುರ್ಶ್ನರ್ ಅನ್ನುವ ಹೆಂಗಸಿನ ಕಥೆಗೆ ಬಂದು ನಿಂತೆ. ಈಗಿನ ಪೋಲೆಂಡಿನ ಗ್ಡಾನ್ಸ್ಕ್ ಹತ್ತಿರ ಸ್ಟುಟ್‌ಹೋಫ್ ಅನ್ನುವ ನಾಜಿ ಶಿಬಿರ ಇತ್ತು. ಅದರ ಆಫೀಸಿನಲ್ಲಿ 1943ರಿಂದ 1945ರವರೆಗೆ ಟೈಪಿಸ್ಟ್ ಆಗಿದ್ದಳಂತೆ. ಆಗ ವಯಸ್ಸು 18-19. ಜರ್ಮನಿಯ ಇಟ್ಸೆಹೋ ಊರಿನ ಕೋರ್ಟು 2022ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು: 10,505 ಕೊಲೆಗಳಿಗೆ ನೆರವಾಗಿದ್ದಾಳೆ ಅಂತ. ಆ ಹೊತ್ತಿಗೆ ಅವಳಿಗೆ 97. ಶಿಕ್ಷೆ ಎರಡು ವರ್ಷ, ಅದೂ ಜೈಲಿಗೆ ಹೋಗಬೇಕಾಗಿಲ್ಲ. 2025ರ ಜನವರಿಯಲ್ಲಿ ಸತ್ತಳು.

ನಮ್ಮಜ್ಜಿಗೆ 91. ಬೆಳಗ್ಗೆ ಮಾತ್ರೆ ನುಂಗಿದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಅಂಥವರನ್ನು ವೀಲ್‌ಚೇರಲ್ಲಿ ಕೋರ್ಟಿಗೆ ತಂದು ಕೂರಿಸಿ ಏನು ಸಾಧಿಸಿದ ಹಾಗಾಯಿತು? ನಾಜಿಗಳ ಪರ ಮಾತಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ನಿಜವಾಗಲೂ ಗೊತ್ತಾಗದೆ ಕೇಳುತ್ತಿದ್ದೇನೆ.

ರಾಗಿಮುದ್ದೆ:
ಆ "ಅಜ್ಜಿ" ವಿಚಾರಣೆ ಶುರುವಾಗಬೇಕಿದ್ದ ದಿನ ವೃದ್ಧಾಶ್ರಮದಿಂದ ಟ್ಯಾಕ್ಸಿ ಹತ್ತಿ ಪರಾರಿ ಆಗಿದ್ದರು. ಸೆಪ್ಟೆಂಬರ್ 30, 2021. ಕೆಲವು ಗಂಟೆಗಳಲ್ಲೇ ಪೊಲೀಸರು ಹಿಡಿದರು. 96ನೇ ವಯಸ್ಸಲ್ಲಿ ಓಡಿಹೋಗುವಷ್ಟು ನೆನಪು ಚೆನ್ನಾಗೇ ಇತ್ತು.

ಮಲ್ಲಿಗೆಮೊಗ್ಗು:
ಅಯ್ಯೋ, ಇದು ಓದಿರಲಿಲ್ಲ 😄 ಆದರೂ ನನ್ನ ಪ್ರಶ್ನೆ ಹಾಗೇ ಇದೆ.

ಹಾಸನದ ಹೈದ:
ನನಗೂ ಅದೇ ಅನಿಸುತ್ತದೆ ಮೇಡಂ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ದೊಡ್ಡ ದೊಡ್ಡ ತಲೆಗಳೆಲ್ಲ ಆರಾಮಾಗಿ ಬದುಕಿ ಹಾಸಿಗೆಯಲ್ಲೇ ಸತ್ತರು. ಕೊನೆಗೆ ಸಿಕ್ಕಿದ್ದು ಟೈಪಿಸ್ಟು, ಗೇಟ್ ಕಾಯುವವನು, ಲೆಕ್ಕ ಬರೆಯುವವನು.

ಕೋರ್ಟುಕಚೇರಿ:
ಹೈದ ಅವರೇ, ದೊಡ್ಡ ತಲೆಗಳು ತಪ್ಪಿಸಿಕೊಂಡವು ಅನ್ನುವುದು ಸರಿ. ಆದರೆ ಅದರಿಂದ ಟೈಪಿಸ್ಟನ್ನು ಬಿಡಬೇಕಿತ್ತು ಅಂತ ಹೇಗಾಗುತ್ತದೆ? ಫುರ್ಶ್ನರ್ ಕೇಸನ್ನೇ ಪೂರ್ತಿ ನೋಡಿ. ಅವಳ ಬಾಸ್, ಅಂದರೆ ಶಿಬಿರದ ಕಮಾಂಡರ್, ಪೌಲ್ ವೆರ್ನರ್ ಹೊಪ್ಪೆ. ಅವನಿಗೆ 1957ರಲ್ಲಿ ಪಶ್ಚಿಮ ಜರ್ಮನಿಯ ಕೋರ್ಟು ಕೊಟ್ಟಿದ್ದು ಒಂಬತ್ತು ವರ್ಷ. ಸ್ಟುಟ್‌ಹೋಫ್‌ನಲ್ಲಿ ಸತ್ತವರು ಸುಮಾರು 65,000 ಜನ. ಅದಕ್ಕೆ ಒಂಬತ್ತು ವರ್ಷ! ಜೈಲಿಂದ ಹೊರಬಂದು 1974ರವರೆಗೆ ಬದುಕಿದ.

ಇನ್ನೊಂದು ವಿಷಯ ಕೇಳಿ. ಫುರ್ಶ್ನರ್ 1954ರಲ್ಲೇ ಸಾಕ್ಷಿಯಾಗಿ ಹೇಳಿಕೆ ಕೊಟ್ಟಿದ್ದಳು. ಕಮಾಂಡರ್ ದಿನಾ ಪತ್ರ ಹೇಳಿ ಬರೆಸುತ್ತಿದ್ದ, ಎಸ್‌ಎಸ್ (ಶಿಬಿರಗಳನ್ನು ನಡೆಸುತ್ತಿದ್ದ ನಾಜಿ ಪಡೆ) ಮೇಲಿನ ಕಚೇರಿಯ ಪತ್ರವ್ಯವಹಾರ ಎಲ್ಲ ನನ್ನ ಟೇಬಲ್ ಮೇಲಿಂದಲೇ ಹೋಗುತ್ತಿತ್ತು ಅಂತ. ಇದೆಲ್ಲ ದಾಖಲೆಯಲ್ಲಿದೆ. ಅಂದರೆ 1954ರಿಂದಲೂ ಸರ್ಕಾರಕ್ಕೆ ಗೊತ್ತಿತ್ತು. ಆಗ ಅವಳಿಗೆ ಮೂವತ್ತೂ ತುಂಬಿರಲಿಲ್ಲ. ಹಾಗಾಗಿ "97 ವರ್ಷದವಳನ್ನು ಯಾಕೆ ಎಳೆದು ತಂದಿರಿ" ಅನ್ನುವುದಕ್ಕಿಂತ "29ರಲ್ಲಿ ಯಾಕೆ ಬಿಟ್ಟಿರಿ" ಅಂತ ಕೇಳಬೇಕು.

ಬಾಲಾಪರಾಧಿ ಕೋರ್ಟಲ್ಲಿ ಯಾಕೆ ನಡೆಯಿತು ಅಂತ ಕೆಲವರು ನಗುತ್ತಾರೆ. ಅಪರಾಧ ನಡೆದಾಗ ಇದ್ದ ವಯಸ್ಸನ್ನೇ ಅಲ್ಲಿ ಲೆಕ್ಕಕ್ಕೆ ತಗೊಳ್ಳುವುದು, ಅದಕ್ಕೆ.

ಕಾಫಿಪುಡಿ:
ಬಾಲಾಪರಾಧಿ ಕೋರ್ಟಲ್ಲಿ 97ರ ಅಜ್ಜಿ. ನಮ್ಮ ಚಿಕ್ಕಪ್ಪನ ಜಮೀನು ಕೇಸಿಗೆ ಈಗ 31 ವರ್ಷ. ಹಾಕಿದವರೂ ಇಲ್ಲ, ಎದುರುದಾರರೂ ಇಲ್ಲ. ವಾಯಿದೆ ಮಾತ್ರ ಬರುತ್ತಲೇ ಇದೆ. ಹಾಗಾಗಿ ತಡ ಅನ್ನುವುದು ನನಗೇನೂ ಹೊಸದಲ್ಲ.

ಸ್ಟಟ್‌ಗಾರ್ಟ್ ಸೀನ:
ನಾನಿರುವುದು ಸ್ಟಟ್‌ಗಾರ್ಟ್. ಇಲ್ಲಿಂದ ಲೋಕಲ್ ಟ್ರೈನಲ್ಲಿ ಸ್ವಲ್ಪ ಹೊತ್ತು ಹೋದರೆ ಲುಡ್ವಿಗ್ಸ್‌ಬುರ್ಗ್ ಅಂತ ಊರು. ದೊಡ್ಡ ಅರಮನೆ ಇದೆ. ಶರತ್ಕಾಲದಲ್ಲಿ ಅರಮನೆ ತೋಟದಲ್ಲಿ ಕುಂಬಳಕಾಯಿ ಹಬ್ಬ ಮಾಡುತ್ತಾರೆ. ಭಾರತದಿಂದ ಯಾರು ಬಂದರೂ ಕರೆದುಕೊಂಡು ಹೋಗಿ ಫೋಟೋ ತೆಗೆಸುವುದು ನನ್ನ ಕೆಲಸ. ಅದೇ ಊರಲ್ಲಿ, ಹಿಂದೆ ಹೆಂಗಸರ ಜೈಲಾಗಿದ್ದ ಕಟ್ಟಡದಲ್ಲಿ, ನಾಜಿ ಅಪರಾಧಗಳನ್ನು ಹುಡುಕುವ ಕೇಂದ್ರ ಕಚೇರಿ ಇದೆ. 1958ರಲ್ಲಿ ಶುರುವಾಗಿದ್ದು. 17 ಲಕ್ಷಕ್ಕೂ ಹೆಚ್ಚು ಕಾರ್ಡುಗಳಿವೆ: ಹೆಸರು, ಊರು, ಯಾವ ಶಿಬಿರ, ಯಾವ ತುಕಡಿ ಅಂತ. ಈ ಕಚೇರಿ ತಾನೇ ಕೇಸ್ ಹಾಕುವ ಹಾಗಿಲ್ಲ. ಮಾಹಿತಿ ಕೂಡಿಹಾಕಿ ಆಯಾ ಊರಿನ ಸರ್ಕಾರಿ ವಕೀಲರಿಗೆ ಕಳಿಸುತ್ತದೆ, ಅಷ್ಟೇ.

ತಮಾಷೆ ಅಂದರೆ ಇದರ ಮೊದಲ ಮುಖ್ಯಸ್ಥ ಎರ್ವಿನ್ ಶೂಲೆ ತಾನೇ ನಾಜಿ ಪಕ್ಷದ ಸದಸ್ಯನಾಗಿದ್ದವನು. ಅದು ಹೊರಗೆ ಬಂದು 1966ರಲ್ಲಿ ಕುರ್ಚಿ ಬಿಡಬೇಕಾಯಿತು. ತಡ ಯಾಕಾಯಿತು ಅಂತ ಕೇಳಿದರಲ್ವಾ? ಅರ್ಧ ಉತ್ತರ ಇಲ್ಲೇ ಇದೆ.

ಹಾಸನದ ಹೈದ:
ಕಳ್ಳನ ಕೈಗೆ ಬೀಗದ ಕೈ!

ಮೇಷ್ಟ್ರು ತಿಪಟೂರು:
ಎಲ್ಲರೂ ಕೋರ್ಟನ್ನೇ ಬೈಯುತ್ತಿದ್ದೀರಿ. ತಪ್ಪಿಸಿಕೊಂಡ ನಾಜಿಗಳನ್ನು ಹುಡುಕುತ್ತಿದ್ದ ಸೈಮನ್ ವೀಸೆಂಥಾಲ್ ಅಂಥವರು ಒಬ್ಬೊಬ್ಬರೇ ಕೂತು ಎಷ್ಟು ಜನರನ್ನು ಹಿಡಿದರು! ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ಏರ್ಪಾಡು ನೋಡಿಕೊಳ್ಳುತ್ತಿದ್ದ ಐಕ್‌ಮನ್‌ನನ್ನು ಅರ್ಜೆಂಟೀನಾದಲ್ಲಿ ಪತ್ತೆ ಮಾಡಿದ್ದೇ ಅವರು.

ಕೋರ್ಟುಕಚೇರಿ:
ಮೇಷ್ಟ್ರೇ, ಕ್ಷಮಿಸಿ, ಇಲ್ಲಿ ಸ್ವಲ್ಪ ತಿದ್ದಬೇಕು. ವೀಸೆಂಥಾಲ್ ಬೆನ್ನು ಬಿಡದೆ ಹುಡುಕಿದ್ದು ನಿಜ. ಆದರೆ ವಿಳಾಸದವರೆಗೆ ಕರೆದುಕೊಂಡು ಹೋದ ಸುಳಿವು ಬೇರೆ ಕಡೆಯಿಂದ ಬಂತು. ಲೋಥರ್ ಹೆರ್ಮನ್ ಅಂತ ಅರ್ಜೆಂಟೀನಾಕ್ಕೆ ಓಡಿಹೋಗಿದ್ದ ಯಹೂದಿ. ಕಣ್ಣು ಕಾಣುತ್ತಿರಲಿಲ್ಲ. ಅವರ ಮಗಳು ಸಿಲ್ವಿಯಾಗೆ ಒಬ್ಬ ಹುಡುಗನ ಪರಿಚಯ ಆಗಿತ್ತು. ಅವನು ಐಕ್‌ಮನ್‌ನ ಮಗ. ಅಪ್ಪ ರಿಕಾರ್ಡೊ ಕ್ಲೆಮೆಂಟ್ ಅಂತ ಹೆಸರು ಬದಲಾಯಿಸಿಕೊಂಡಿದ್ದ, ಮಗ ಮಾತ್ರ ಐಕ್‌ಮನ್ ಅಂತಲೇ ಹೇಳಿಕೊಂಡು ಓಡಾಡುತ್ತಿದ್ದ!

ಹೆರ್ಮನ್ ಇದನ್ನು ಬರೆದು ತಿಳಿಸಿದ್ದು ಫ್ರಿಟ್ಸ್ ಬೌವರ್ ಅನ್ನುವವರಿಗೆ. ಜರ್ಮನಿಯ ಹೆಸ್ಸೆ ರಾಜ್ಯದ ಮುಖ್ಯ ಸರ್ಕಾರಿ ವಕೀಲರು. ತಾವೂ ಯಹೂದಿ, ನಾಜಿ ಶಿಬಿರದಲ್ಲಿ ಇದ್ದು ಬಂದವರು. ಬೌವರ್‌ಗೆ ತಮ್ಮ ಕಚೇರಿ, ತಮ್ಮ ಪೊಲೀಸರ ಮೇಲೇ ನಂಬಿಕೆ ಇರಲಿಲ್ಲ. ಯಾರಾದರೂ ಒಳಗಿಂದಲೇ ಐಕ್‌ಮನ್‌ಗೆ ಸುದ್ದಿ ಮುಟ್ಟಿಸಬಹುದು ಅನ್ನುವ ಭಯ. ಅದಕ್ಕೇ ಗುಟ್ಟಾಗಿ ಇಸ್ರೇಲಿಗೆ ತಿಳಿಸಿದರು. 1960ರ ಮೇ 11ರಂದು ಬ್ಯೂನಸ್ ಐರಿಸ್‌ನಲ್ಲಿ ಮನೆಗೆ ಬರುತ್ತಿದ್ದವನನ್ನು ಎತ್ತಿಹಾಕಿಕೊಂಡು ಹೋದರು. 1962ರಲ್ಲಿ ಗಲ್ಲು. ಬೂದಿಯನ್ನು ಇಸ್ರೇಲಿನ ಗಡಿ ದಾಟಿ ಸಮುದ್ರಕ್ಕೆ ಹಾಕಿದರು.

ಮೇಷ್ಟ್ರು ತಿಪಟೂರು:
ತಪ್ಪಾಯಿತು. 40 ವರ್ಷ ಮಕ್ಕಳಿಗೆ ವೀಸೆಂಥಾಲ್ ಅಂತಲೇ ಹೇಳಿಕೊಟ್ಟಿದ್ದೇನೆ. ಈಗ ಅವರನ್ನೆಲ್ಲ ಎಲ್ಲಿ ಹುಡುಕಲಿ.

ರಾಗಿಮುದ್ದೆ:
ಮಗನ ಲವ್ವಿಂದ ಅಪ್ಪ ಸಿಕ್ಕಿಬಿದ್ದ. ಮಾಡಿದ್ದುಣ್ಣೋ ಮಹರಾಯ.

ತುಂಗಾತೀರ:
ನಾನು ಒಂದು ಎದುರು ಮಾತು ಹೇಳುತ್ತೇನೆ, ಬೈಯಬೇಡಿ. ಜಾನ್ ಡೆಮ್ಯಾನ್ಯುಕ್ ಕೇಸ್ ನೋಡಿ. ಉಕ್ರೇನಿನವನು, ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಫೋರ್ಡ್ ಕಾರ್ಖಾನೆ ಕೆಲಸಗಾರ. ಟ್ರೆಬ್ಲಿಂಕಾ ಶಿಬಿರದಲ್ಲಿ ಕ್ರೌರ್ಯಕ್ಕೆ ಹೆಸರಾಗಿದ್ದ ಕಾವಲುಗಾರ "ಭಯಾನಕ ಇವಾನ್" ಇವನೇ ಅಂತ 1986ರಲ್ಲಿ ಇಸ್ರೇಲಿಗೆ ಕರೆತಂದರು. ಬದುಕುಳಿದವರು ಕೋರ್ಟಲ್ಲಿ ಎದ್ದು ನಿಂತು, ಅತ್ತು, ಇವನೇ ಅಂದರು. 1988ರಲ್ಲಿ ಮರಣದಂಡನೆ. ಆಮೇಲೆ ಸೋವಿಯತ್ ದಾಖಲೆಗಳು ಹೊರಬಂದವು. ಅದರಲ್ಲಿ ಆ ಇವಾನನ ಮನೆತನದ ಹೆಸರು ಮಾರ್ಚೆಂಕೊ ಅಂತ ಇತ್ತು. 1993ರಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟೇ ಅವನನ್ನು ಬಿಡುಗಡೆ ಮಾಡಿತು. ಗಲ್ಲಿಗೆ ಹಾಕಿಬಿಟ್ಟಿದ್ದರೆ? ಆ ಸಾಕ್ಷಿಗಳು ಸುಳ್ಳು ಹೇಳಲಿಲ್ಲ. ಅವರು ಕಂಡ ನರಕ ನಿಜ. ಆದರೆ 40 ವರ್ಷದ ಮೇಲೆ ಮುಖ ನೆನಪಿಟ್ಟುಕೊಳ್ಳುವುದು ಮನುಷ್ಯರ ಕೈಲಿ ಆಗುತ್ತದಾ? ನನಗೆ ನಮ್ಮ ಪಿಯುಸಿ ಲೆಕ್ಚರರ್ ಮುಖವೇ ನೆನಪಿಲ್ಲ.

ಮಲ್ಲಿಗೆಮೊಗ್ಗು:
ಇದೇ, ಇದೇ ನನ್ನ ಭಯ.

ಕೋರ್ಟುಕಚೇರಿ:
ತುಂಗಾತೀರ, ಒಳ್ಳೆ ಮಾತು. ಆ ಬಿಡುಗಡೆ ಇಸ್ರೇಲ್ ಕೋರ್ಟಿನ ದೊಡ್ಡತನ ಅಂತ ನಾನೂ ಒಪ್ಪುತ್ತೇನೆ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಟ್ರೆಬ್ಲಿಂಕಾದ ಇವಾನ್ ಅಲ್ಲದಿದ್ದರೂ, ಅವನು ಸೋಬಿಬೋರ್ ಶಿಬಿರದಲ್ಲಿ ಕಾವಲುಗಾರ ಆಗಿದ್ದ ಅನ್ನುವುದಕ್ಕೆ ಗುರುತಿನ ಚೀಟಿ ಇತ್ತು, ನಂಬರ್ 1393. 2009ರಲ್ಲಿ ಅಮೆರಿಕ ಅವನನ್ನು ಜರ್ಮನಿಗೆ ಕಳಿಸಿತು. 2011ರ ಮೇನಲ್ಲಿ ಮ್ಯೂನಿಕ್ ಕೋರ್ಟು ಐದು ವರ್ಷ ಶಿಕ್ಷೆ ಹಾಕಿತು.

ಅಲ್ಲಿವರೆಗೆ ಜರ್ಮನ್ ಕೋರ್ಟುಗಳು ಏನು ಕೇಳುತ್ತಿದ್ದವು ಗೊತ್ತಾ? ಇಂಥ ದಿನ, ಇಂಥವರನ್ನು, ಈ ಮನುಷ್ಯ ತನ್ನ ಕೈಯಾರೆ ಕೊಂದ ಅಥವಾ ಆ ಕೊಲೆಗೆ ಹೀಗೆ ನೆರವಾದ ಅಂತ ತೋರಿಸಿ ಅನ್ನುತ್ತಿದ್ದವು. ಅನಿಲದ ಕೋಣೆಗೆ ಹೋದವರಲ್ಲಿ ಸಾಕ್ಷಿ ಹೇಳಲು ಯಾರು ವಾಪಸ್ ಬರುತ್ತಾರೆ? ಮ್ಯೂನಿಕ್ ಕೋರ್ಟು ಬೇರೆ ಥರ ಯೋಚಿಸಿತು. ಸೋಬಿಬೋರ್ ಇದ್ದದ್ದೇ ಜನರನ್ನು ಕೊಲ್ಲುವುದಕ್ಕೆ. ಅಲ್ಲಿ ಕಾವಲು ನಿಂತವನು ಆ ಕಾರ್ಖಾನೆಯ ಒಂದು ಗಾಲಿ. ಅಷ್ಟು ಸಾಕು ಅಂದಿತು. ಇದಕ್ಕೆ ಮುಖ ಗುರುತಿಸುವ ಸಾಕ್ಷಿ ಬೇಕಿಲ್ಲ. ಡ್ಯೂಟಿ ಪಟ್ಟಿ, ರೈಲಿನ ಲೆಕ್ಕ ಸಾಕು. ನಿಮ್ಮ ಭಯಕ್ಕೂ ಇದೇ ಉತ್ತರ.

ಇದನ್ನೇ ಫ್ರಿಟ್ಸ್ ಬೌವರ್ 1963ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಶುರುವಾದ, ಔಶ್ವಿಟ್ಸ್ ಸಾವಿನ ಶಿಬಿರದಲ್ಲಿದ್ದ ಎಸ್‌ಎಸ್ ಜನರ ಮೇಲಿನ ಕೇಸಿನ ಹೊತ್ತಿಗೇ ಹೇಳಿದ್ದರು. ಶಿಬಿರ ಪೂರ್ತಿ ಒಂದೇ ಅಪರಾಧ ಅಂತ ನೋಡಿ ಅಂತ. ಜಡ್ಜುಗಳು ಕೇಳಲಿಲ್ಲ. ದೇವರು ಕೊಟ್ಟರೂ ಪೂಜಾರಿ ಬಿಡಲಿಲ್ಲ. ಔಶ್ವಿಟ್ಸ್‌ನಲ್ಲಿ ಕೆಲಸ ಮಾಡಿ ಯುದ್ಧದ ನಂತರವೂ ಬದುಕಿದ್ದ ಎಸ್‌ಎಸ್ ಜನ ಸುಮಾರು 6,500. ಜರ್ಮನ್ ಕೋರ್ಟುಗಳಲ್ಲಿ ಶಿಕ್ಷೆ ಆದದ್ದು 50ಕ್ಕೂ ಕಡಿಮೆ ಜನರಿಗೆ.

ತುಂಗಾತೀರ:
ಡೆಮ್ಯಾನ್ಯುಕ್ ಮೇಲ್ಮನವಿ ಮುಗಿಯುವ ಮೊದಲೇ ಸತ್ತ ಅಲ್ವಾ? ಹಾಗಾದರೆ ಕಾನೂನಿನ ಪ್ರಕಾರ ಅವನು ಅಪರಾಧಿಯೇ ಅಲ್ಲ.

ಕೋರ್ಟುಕಚೇರಿ:
ಹೌದು, 2012ರ ಮಾರ್ಚಲ್ಲಿ. ತೀರ್ಪು ಕೊನೆ ಮುಟ್ಟಲಿಲ್ಲ. ಆದರೆ ಅದೇ ದಾರಿಯಲ್ಲಿ ಬಂದ ಓಸ್ಕರ್ ಗ್ರೋನಿಂಗ್ (ಔಶ್ವಿಟ್ಸ್‌ನಲ್ಲಿ ಲೆಕ್ಕ ಬರೆಯುತ್ತಿದ್ದವನು) ಕೇಸಿನ ತೀರ್ಪನ್ನು ಜರ್ಮನಿಯ ಮೇಲಿನ ಕೋರ್ಟು 2016ರಲ್ಲಿ ಎತ್ತಿಹಿಡಿಯಿತು.

ಬೆಳಗಾವಿ ಕುಂದಾ:
ಅಲ್ರೀ, ಅಮೆರಿಕದ ವಿಷಯ ಯಾರೂ ಎತ್ತುತ್ತಿಲ್ಲವಲ್ಲ. ಕ್ಲೌಸ್ ಬಾರ್ಬಿ, ಫ್ರಾನ್ಸಿನ ಲಿಯಾನ್ ಊರಲ್ಲಿ ಗೆಸ್ಟಾಪೊ (ನಾಜಿಗಳ ಗುಪ್ತ ಪೊಲೀಸ್) ಮುಖ್ಯಸ್ಥ. ಇಸಿಯೂ ಅನ್ನುವ ಹಳ್ಳಿಯ ಮಕ್ಕಳ ಮನೆಯಿಂದ 44 ಮಕ್ಕಳನ್ನು ಹಿಡಿಸಿ ಸಾಯಲು ಕಳಿಸಿದವನು. ಯುದ್ಧ ಆದಮೇಲೆ ಅವನನ್ನು ಗೂಢಚಾರ ಅಂತ ಸಾಕಿದವರು ಅಮೆರಿಕದ ಸೇನೆಯವರೇ. ಬೊಲಿವಿಯಾಕ್ಕೆ ದಾಟಿಸಿದವರೂ ಅವರೇ. 1983ರಲ್ಲಿ ಫ್ರಾನ್ಸಿಗೆ ಕ್ಷಮೆ ಕೇಳಿದರು. 1987ರಲ್ಲಿ ಅವನಿಗೆ ಜೀವಾವಧಿ ಆಯಿತು. ಅವನ ಬೆನ್ನು ಬಿದ್ದವರು ಸೆರ್ಜ್ ಮತ್ತು ಬಿಯಾಟೆ ಕ್ಲಾರ್ಸ್‌ಫೆಲ್ಡ್ ಅನ್ನುವ ಗಂಡ ಹೆಂಡತಿ. ಆ ಬಿಯಾಟೆ 1968ರಲ್ಲಿ ಜರ್ಮನಿಯ ಚಾನ್ಸೆಲರ್ ಕೀಸಿಂಗರ್ ಕಪಾಳಕ್ಕೆ ಎಲ್ಲರೆದುರು ಬಾರಿಸಿದ್ದಳು. ಯಾಕಂದ್ರ ಅವನೂ ಹಳೇ ನಾಜಿ ಪಕ್ಷದವ. ಧೈರ್ಯ ಅಂದ್ರ ಅದು.

ಸಿಂಪಲ್ ಸಿದ್ದ:
ಇದೆಲ್ಲ ಗೆದ್ದವರ ನ್ಯಾಯ ಗುರು. 1943ರ ಬಂಗಾಳ ಕ್ಷಾಮಕ್ಕೆ ಯಾವ ಬ್ರಿಟಿಷನನ್ನು ಕೋರ್ಟಿಗೆ ಎಳೆದರು? ಯುದ್ಧ ಮುಗಿದ ಮೇಲೆ ಜಪಾನೀ ನಾಯಕರ ಮೇಲೆ ನಡೆದ ಟೋಕಿಯೋ ವಿಚಾರಣೆಯಲ್ಲಿ ಜಡ್ಜಾಗಿದ್ದ ನಮ್ಮ ರಾಧಾಬಿನೋದ್ ಪಾಲ್ ಒಬ್ಬರೇ ಎಲ್ಲ ಆರೋಪಿಗಳೂ ನಿರ್ದೋಷಿ ಅಂತ ಬರೆದರು. ಅವರು ಹೇಳಿದ್ದೇ ಸರಿ.

ಕೋರ್ಟುಕಚೇರಿ:
ಬಂಗಾಳದ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಎರಡು ತಿದ್ದುಪಡಿ. ಪಾಲ್ ಅವರು ಜಪಾನೀ ಸೈನಿಕರು ಕ್ರೌರ್ಯ ಮಾಡಿಲ್ಲ ಅನ್ನಲಿಲ್ಲ. ಚೀನಾದ ನಾನ್‌ಜಿಂಗ್‌ನಲ್ಲಿ ಅವರು ನಡೆಸಿದ ಹತ್ಯಾಕಾಂಡವನ್ನು ಒಪ್ಪಿಯೇ ಬರೆದಿದ್ದಾರೆ. ಅವರ ತಕರಾರು ಆ ಕೋರ್ಟಿನ ಕಾನೂನಿನ ಬಗ್ಗೆ. ಎರಡನೆಯದು, ನಾವು ಮಾತಾಡುತ್ತಿರುವ ಕೇಸುಗಳಲ್ಲಿ ಗೆದ್ದವರು ಎಲ್ಲಿದ್ದಾರೆ? ಜರ್ಮನ್ ಜಡ್ಜು, ಜರ್ಮನ್ ಕಾನೂನು, ಜರ್ಮನ್ ಆರೋಪಿ. ಸೋತವರೇ ತಮ್ಮವರನ್ನು ಕೂರಿಸಿ ಕೇಳುತ್ತಿದ್ದಾರೆ.

ಸಿಂಪಲ್ ಸಿದ್ದ:
70 ವರ್ಷ ಆದಮೇಲೆ.

ಕೋರ್ಟುಕಚೇರಿ:
ಅದಕ್ಕೆ ನನ್ನ ಹತ್ತಿರ ಜವಾಬಿಲ್ಲ.

ಸ್ಟಟ್‌ಗಾರ್ಟ್ ಸೀನ:
ನನ್ನ ಹತ್ತಿರ ಇದೆ. ಪಶ್ಚಿಮ ಜರ್ಮನಿಯ ಕಾನೂನು ಮಂತ್ರಾಲಯದ ಹಳೆ ಕಡತಗಳನ್ನು ಅವರೇ ತೆಗೆಸಿ ನೋಡಿ 2016ರಲ್ಲಿ ವರದಿ ಹೊರತಂದರು. 1949ರಿಂದ 1973ರವರೆಗೆ ಅಲ್ಲಿ ದೊಡ್ಡ ಹುದ್ದೆಯಲ್ಲಿದ್ದ 170 ಜನ ವಕೀಲರಲ್ಲಿ 90 ಜನ ಹಳೆ ನಾಜಿ ಪಕ್ಷದ ಸದಸ್ಯರು.

ಅವರಲ್ಲೊಬ್ಬ ಎಡುವರ್ಡ್ ಡ್ರೇಹರ್. ನಾಜಿ ಕಾಲದಲ್ಲಿ ಇನ್ಸ್‌ಬ್ರುಕ್ ಊರಲ್ಲಿ ಸರ್ಕಾರಿ ವಕೀಲ. ಸಣ್ಣ ಪುಟ್ಟ ತಪ್ಪಿಗೂ ಮರಣದಂಡನೆ ಕೇಳುತ್ತಿದ್ದವನು. 1968ರಲ್ಲಿ ಒಂದು ಕಾನೂನು ಬಂತು. ನೋಡಲು ಟ್ರಾಫಿಕ್ ದಂಡದಂಥ ಸಣ್ಣ ವಿಷಯದ್ದು. ಅದರ ಒಳಗೆ ಯಾರ ಕಣ್ಣಿಗೂ ಬೀಳದ ಒಂದು ಸಾಲು. ಕೊಲೆಗೆ ನೆರವಾದವನಿಗೆ ತನ್ನದೇ ನೀಚ ಉದ್ದೇಶ ಇತ್ತು ಅಂತ ತೋರಿಸದಿದ್ದರೆ ಶಿಕ್ಷೆ ಕಡಿಮೆ. ಶಿಕ್ಷೆ ಕಡಿಮೆ ಆದರೆ ಕೇಸ್ ಹಾಕುವ ಕಾಲಮಿತಿಯೂ ಕಡಿಮೆ, 15 ವರ್ಷ. 1945ರಿಂದ ಎಣಿಸಿದರೆ ಅದು 1960ಕ್ಕೇ ಮುಗಿದಿತ್ತು! ಸಂಸತ್ತಿನಲ್ಲಿ ಯಾರೂ ಗಮನಿಸಲಿಲ್ಲ. ಬರ್ಲಿನ್ನಿನ ಆಫೀಸುಗಳಲ್ಲಿ ಕೂತು ಕೊಲೆಗಳ ಯೋಜನೆ ಮಾಡಿದವರ ಮೇಲಿನ ದೊಡ್ಡ ತನಿಖೆ ಒಂದೇ ಏಟಿಗೆ ಕುಸಿಯಿತು. ಡ್ರೇಹರ್ ಬೇಕಂತಲೇ ಮಾಡಿದನಾ, ಕಣ್ತಪ್ಪಾ ಅಂತ ಇವತ್ತಿಗೂ ಜಗಳ ಆಡುತ್ತಾರೆ. ನನಗೇನೋ ಕಣ್ತಪ್ಪು ಅನಿಸುವುದಿಲ್ಲ.

ಕಾಫಿಪುಡಿ:
ಬಜೆಟ್ ಪುಸ್ತಕದ ಕೊನೇ ಪುಟದಲ್ಲಿ ತೆರಿಗೆ ಸೇರಿಸುವ ಹಾಗೆ. ನಮ್ಮಲ್ಲೂ ಕೊಲೆಗೆ ಕಾಲಮಿತಿ ಇದೆಯಾ ಸರ್?

ಕೋರ್ಟುಕಚೇರಿ:
ಇಲ್ಲ. ಮೂರು ವರ್ಷಕ್ಕಿಂತ ಹೆಚ್ಚು ಶಿಕ್ಷೆ ಇರುವ ಅಪರಾಧಗಳಿಗೆ ನಮ್ಮಲ್ಲಿ ಕಾಲಮಿತಿ ಇಲ್ಲ. ಜರ್ಮನಿಯಲ್ಲಿ ಕೊಲೆಗೆ ಮೊದಲು 20 ವರ್ಷ ಇತ್ತು. ಎರಡು ಸಲ ಮುಂದಕ್ಕೆ ಹಾಕಿ, ಕೊನೆಗೆ 1979ರಲ್ಲಿ ತೆಗೆದೇಬಿಟ್ಟರು.

ಶ್ರೀರಂಗಪಟ್ಟಣ ಶಾಂತಿ:
ವಿಷಯಕ್ಕೆ ಸ್ವಲ್ಪ ಹೊರಗಿನ ಮಾತು. ಡಾಖೌ ಶಿಬಿರದಲ್ಲಿ ಕೊಂದವರಲ್ಲಿ ನಮ್ಮ ಕಡೆ ನಂಟಿರುವ ಒಬ್ಬಳಿದ್ದಾಳೆ. ನೂರ್ ಇನಾಯತ್ ಖಾನ್. ತಂದೆಯ ಕಡೆಯಿಂದ ಟಿಪ್ಪು ಸುಲ್ತಾನನ ವಂಶ ಅನ್ನುತ್ತದೆ ಅವಳ ಮನೆತನ. ಬ್ರಿಟಿಷರ ಗುಪ್ತ ದಳಕ್ಕಾಗಿ ಪ್ಯಾರಿಸಿನಲ್ಲಿ ವೈರ್‌ಲೆಸ್ ನಡೆಸುತ್ತಿದ್ದಳು. 1943ರಲ್ಲಿ ಸಿಕ್ಕಿಬಿದ್ದಳು. ಫೋರ್ಟ್ಸ್‌ಹೈಮ್ ಜೈಲಿನಲ್ಲಿ ತಿಂಗಳುಗಟ್ಟಲೆ ಸರಪಳಿ ಹಾಕಿ ಇಟ್ಟಿದ್ದರು. 1944ರ ಸೆಪ್ಟೆಂಬರಿನಲ್ಲಿ ಇನ್ನೂ ಮೂವರು ಹೆಂಗಸರ ಜೊತೆ ಡಾಖೌನಲ್ಲಿ ಗುಂಡಿಟ್ಟು ಕೊಂದರು. ವಯಸ್ಸು 30.

ಪ್ಯಾರಿಸಿನಲ್ಲಿ ಅವಳನ್ನು ಸೆರೆಯಲ್ಲಿಟ್ಟಿದ್ದ ಹಾನ್ಸ್ ಕೀಫರ್ ಅನ್ನುವ ಅಧಿಕಾರಿಯನ್ನು 1947ರಲ್ಲಿ ಗಲ್ಲಿಗೇರಿಸಿದರು. ಆದರೆ ನೂರ್‌ಗಾಗಿ ಅಲ್ಲ. ಬೇರೆ ಬ್ರಿಟಿಷ್ ಸೈನಿಕರನ್ನು ಕೊಂದ ಕೇಸಲ್ಲಿ. ಅದು ಓದಿದಾಗ ನನಗೆ ಏನೋ ಕಸಿವಿಸಿ ಆಯಿತು.

ಸಿಂಪಲ್ ಸಿದ್ದ:
ಟಿಪ್ಪು ಹೆಸರು ಬಂತಲ್ಲ, ಈಗ ಶುರು ನೋಡಿ.

ಹಾಸನದ ಹೈದ:
ಟಿಪ್ಪು ಬಗ್ಗೆ ನನಗೂ ನಾಲ್ಕು ಮಾತು ಹೇಳುವುದಿದೆ.

ಮೇಲ್ವಿಚಾರಕ:
ಇಲ್ಲಿ ಬೇಡ ಹೈದ. ಟಿಪ್ಪು ಜಗಳಕ್ಕೆ ಬೇರೆ ಎಳೆ ಇದೆ, 400 ಉತ್ತರ ಆಗಿದೆ, ಅಲ್ಲಿ ಹೋಗಿ.

ಸ್ಟಟ್‌ಗಾರ್ಟ್ ಸೀನ:
ಶಾಂತಿ ಅವರೇ, ಫೋರ್ಟ್ಸ್‌ಹೈಮ್ ನಮ್ಮ ಪಕ್ಕದಲ್ಲೇ ಇದೆ! ಎಷ್ಟೋ ಸಲ ಆ ದಾರಿಯಲ್ಲಿ ಹೋಗಿದ್ದೇನೆ. ಇದು ಗೊತ್ತೇ ಇರಲಿಲ್ಲ, ನಾಚಿಕೆ ಆಗುತ್ತಿದೆ.

ತುಂಗಾತೀರ:
ಗ್ರೋನಿಂಗ್ ವಿಷಯಕ್ಕೆ ವಾಪಸ್ ಬರುತ್ತೇನೆ. ಅವನು ಔಶ್ವಿಟ್ಸ್‌ನಲ್ಲಿ ಬಂದಿಳಿದವರ ದುಡ್ಡು ಎಣಿಸುತ್ತಿದ್ದವನು. ಆದರೆ ಬಾಯಿ ಮುಚ್ಚಿಕೊಂಡು ಕೂರಲಿಲ್ಲ. ಔಶ್ವಿಟ್ಸ್ ನಡೆದೇ ಇಲ್ಲ ಅನ್ನುವವರು ಹೆಚ್ಚಾದಾಗ ಬಿಬಿಸಿ ಕ್ಯಾಮೆರಾ ಮುಂದೆ ಕೂತು, ನಾನು ಅಲ್ಲಿದ್ದೆ, ಕಣ್ಣಾರೆ ನೋಡಿದ್ದೇನೆ ಅಂದ. ಕೋರ್ಟಲ್ಲೂ ನೈತಿಕವಾಗಿ ನಾನು ತಪ್ಪಿತಸ್ಥ ಅಂತ ಒಪ್ಪಿಕೊಂಡ. 2015ರಲ್ಲಿ ನಾಲ್ಕು ವರ್ಷ ಶಿಕ್ಷೆ, 2018ರಲ್ಲಿ ಜೈಲಿಗೆ ಹೋಗುವ ಮೊದಲೇ ಸಾವು. ಸುಮ್ಮನಿದ್ದವರು ಬಚಾವ್, ಬಾಯಿ ಬಿಟ್ಟವನು ಸಿಕ್ಕಿಹಾಕಿಕೊಂಡ. ಇದರಿಂದ ಬೇರೆಯವರು ಕಲಿಯುವುದು ಏನು?

ಅದೇ ಕೋರ್ಟಿಗೆ ಈವಾ ಕೋರ್ ಬಂದಿದ್ದರು. ಚಿಕ್ಕ ಹುಡುಗಿಯಾಗಿದ್ದಾಗ ಔಶ್ವಿಟ್ಸ್‌ನ ನಾಜಿ ವೈದ್ಯ ಮೆಂಗಲೆಯ ಅವಳಿ ಮಕ್ಕಳ ಪ್ರಯೋಗಕ್ಕೆ ಸಿಕ್ಕಿ ಬದುಕುಳಿದವರು. ಅವರು ಗ್ರೋನಿಂಗ್ ಕೈ ಹಿಡಿದು ಮಾತಾಡಿಸಿದರು. ಕ್ಷಮಿಸಿದ್ದೇನೆ ಅಂದರು. ಆಕೆಗೇ ಬೇಡದ ಶಿಕ್ಷೆ ನಮಗೆ ಯಾಕೆ?

ಶ್ರೀರಂಗಪಟ್ಟಣ ಶಾಂತಿ:
ಆಕೆಗೆ ಬೇಡ ಇರಬಹುದು. ಅದೇ ಕೇಸಲ್ಲಿ ಅವರ ಜೊತೆ ಸೇರಿದ್ದ ಬೇರೆ ಸಂತ್ರಸ್ತರು, ಅವರ ಮಾತು ನಮ್ಮೆಲ್ಲರ ಮಾತಲ್ಲ ಅಂತ ಹೇಳಿಕೆ ಕೊಟ್ಟರು. ಆ ಕೇಸು ಮೂರು ಲಕ್ಷ ಕೊಲೆಗಳದ್ದು. ಅಷ್ಟು ಜನರ ಪರವಾಗಿ ಒಬ್ಬರು ಕ್ಷಮಿಸಲು ಆಗುವುದಿಲ್ಲ.

ರಾಗಿಮುದ್ದೆ:
ಶಾಂತಿ ಅಕ್ಕನ ಮಾತಿಗೆ ನೂರು ಲೈಕ್.

ಮಲ್ಲಿಗೆಮೊಗ್ಗು:
ಬೆಳಗಿಂದ ಎಲ್ಲ ಓದುತ್ತಿದ್ದೇನೆ. ಕೇಸ್ ಹಾಕಿದ್ದೇ ತಪ್ಪು ಅಂತ ಈಗ ಅನಿಸುತ್ತಿಲ್ಲ. 1954ರ ವಿಷಯ ಗೊತ್ತೇ ಇರಲಿಲ್ಲ. ಆದರೆ ಒಂದು ಕೇಳಬೇಕು. ಟೈಪಿಸ್ಟ್ ಹುಡುಗಿಗೆ ಒಳಗೆ ಏನು ನಡೆಯುತ್ತಿದೆ ಅಂತ ಪೂರ್ತಿ ಗೊತ್ತಿತ್ತು ಅಂತ ಕೋರ್ಟು ಹೇಗೆ ನಂಬಿತು? ಅವಳ ವಕೀಲರು ಗೊತ್ತಿರಲಿಲ್ಲ ಅಂತಲೇ ವಾದ ಮಾಡಿದ್ದು ಅಲ್ವಾ?

ಕೋರ್ಟುಕಚೇರಿ:
ಗೊತ್ತಿತ್ತು ಅನ್ನುವುದು ಸಾಬೀತಾಗಿಲ್ಲ, ಬಿಡುಗಡೆ ಮಾಡಿ ಅಂತ ಕೇಳಿದ್ದರು. ಜಡ್ಜುಗಳು ಏನು ಮಾಡಿದರು ಅಂದರೆ, 2022ರ ನವೆಂಬರಿನಲ್ಲಿ ಸ್ಟುಟ್‌ಹೋಫ್‌ಗೇ ಹೋದರು. ಕಮಾಂಡರ್ ಆಫೀಸಿದ್ದ ಕಟ್ಟಡ ಇನ್ನೂ ಇದೆ. ಅಲ್ಲಿಂದ ಏನೇನು ಕಾಣುತ್ತದೆ ಅಂತ ತಾವೇ ನಿಂತು ನೋಡಿ ಬಂದರು. ಹೊಸದಾಗಿ ತಂದ ಕೈದಿಗಳನ್ನು ನಿಲ್ಲಿಸುತ್ತಿದ್ದ ಜಾಗ ಕಾಣುತ್ತದೆ. ಹೆಣ ಸುಡುವ ಕಡೆಯ ಹೊಗೆ, ವಾಸನೆ ತಿಳಿಯದೆ ಇರಲು ಸಾಧ್ಯವಿಲ್ಲ ಅಂತ ತೀರ್ಪಿಗೆ ಬಂದರು. 2024ರ ಆಗಸ್ಟಿನಲ್ಲಿ ಮೇಲಿನ ಕೋರ್ಟೂ ಒಪ್ಪಿತು.

ವಿಚಾರಣೆಯ ಕೊನೆಯಲ್ಲಿ ಅವಳು ಒಂದೇ ಸಲ ಬಾಯಿ ಬಿಟ್ಟಳು. ಆದದ್ದಕ್ಕೆಲ್ಲ ವಿಷಾದ ಇದೆ, ಆಗ ಸ್ಟುಟ್‌ಹೋಫ್‌ನಲ್ಲಿ ಇದ್ದದ್ದಕ್ಕೆ ಪಶ್ಚಾತ್ತಾಪ ಇದೆ ಅಂದಳು. ಅಷ್ಟೇ.

ಮಲ್ಲಿಗೆಮೊಗ್ಗು:
ಕಿಟಕಿ ಹತ್ತಿರ ನಿಂತು ನೋಡಿದರಾ… ಸರಿ.

ಕಾಫಿಪುಡಿ:
ನಮ್ಮ ಚಿಕ್ಕಪ್ಪನ ಜಮೀನು ನೋಡಲು 31 ವರ್ಷದಲ್ಲಿ ಒಬ್ಬ ಅಮೀನನೂ ಬಂದಿಲ್ಲ.

ಸ್ಟಟ್‌ಗಾರ್ಟ್ ಸೀನ:
ಶಾಂತಿ ಅವರೇ, ಭಾನುವಾರ ಫೋರ್ಟ್ಸ್‌ಹೈಮ್‌ಗೆ ಹೋಗುತ್ತಿದ್ದೇನೆ. ನೂರ್ ಇದ್ದ ಜೈಲು ಎಲ್ಲಿ ಅಂತ ವಿಚಾರಿಸುತ್ತೇನೆ. ಸಿಕ್ಕರೆ ಫೋಟೋ ಹಾಕುತ್ತೇನೆ.

ಶ್ರೀರಂಗಪಟ್ಟಣ ಶಾಂತಿ:
ಹಾಕಿ ಅಣ್ಣ. ಒಂದು ಹೂವೂ ಇಟ್ಟು ಬನ್ನಿ.